ಪುಣ್ಯಕ್ಕೆ ಬಿಟ್ಟ ಮೀನು

ಜೆ.ಪಿ. ನಗರದ ನಮ್ಮ ಬಡಾವಣೆಯ ಕೆರೆಗೆ ಮರೆಪ್ಪ ಕಾವಲುಗಾರನಾಗಿ ಬಂದು ಆರು ವರ್ಷವಾಗಿತ್ತು. ರಾಯಚೂರಿನ ಕಡೆಯವನು, ಕೃಷ್ಣೆಯಲ್ಲಿ ಬಲೆ ಬೀಸಿ ಬೆಳೆದವನು. ಮೀನು ಕದಿಯುವವರ ದಾರಿ ಮೀನು ಹಿಡಿಯುವವನಿಗೇ ಗೊತ್ತಿರುತ್ತದೆ ಎಂದು ಕೆರೆ ಸಮಿತಿ ಅವನನ್ನು ಆರಿಸಿತ್ತು. ಆ ಸಮಿತಿಯಲ್ಲಿ ನಾನೂ ಇದ್ದೇನೆ. ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಮಾಡಲು ಏನಾದರೂ ಬೇಕಲ್ಲ!

ದಿನವೂ ಅವನು ಮಂಡಿಯುದ್ದ ನೀರಿಗಿಳಿದು ಯಾರೋ ಬಿಟ್ಟುಹೋದ ಗಾಳದ ದಾರ ಎಳೆಯುತ್ತಿದ್ದ, ಹಕ್ಕಿಗಳ ಕಾಲಿಗೆ ಸುತ್ತಿಕೊಂಡದ್ದನ್ನು ಬಿಡಿಸುತ್ತಿದ್ದ. ಐವತ್ತೆಂಟಕ್ಕೇ ಎಪ್ಪತ್ತರವನಂತೆ ಕಾಣುತ್ತಿದ್ದ. ಕೆಲಸಕ್ಕೆ ಸೇರಿದ ದಿನ ತನ್ನ ಬೀಸುಬಲೆಯನ್ನು ಕೆರೆದಂಡೆಯ ಶೆಡ್ಡಿನ ಮೊಳೆಗೆ ನೇತುಹಾಕಿದವನು ಮತ್ತೆ ಮುಟ್ಟಿರಲಿಲ್ಲ.

ಕಳೆದ ಆಷಾಢದಲ್ಲಿ ನನ್ನ ಮೊಮ್ಮಗಳು ಪ್ರಕೃತಿಗೆ ಉಬ್ಬಸ ವಿಪರೀತವಾಯಿತು. ಏಳು ಜೀವಂತ ಮೀನು ಕೆರೆಗೆ ಬಿಡಿ, ಒಳ್ಳೆಯದಾಗುತ್ತೆ ಎಂದರು ಜೋಯಿಸರು. ಮಾರ್ಕೆಟ್ಟಿನಲ್ಲಿ ಜೀವಂತವಾಗಿ ಸಿಕ್ಕಿದ್ದು ಮೀಸೆಯ ಕ್ಯಾಟ್‌ಫಿಶ್. ಬಕೆಟ್ಟಿನಲ್ಲಿ ತಂದೆ.

"ಬಿಡಬ್ಯಾಡ್ರಿ ಅಮ್ಮಾರ. ಇವು ದೊಡ್ಡವಾದ್ರ ಹಕ್ಕಿ ಮರಿ ಸೈತ ನುಂಗತಾವ್ರಿ," ಎಂದ ಮರೆಪ್ಪ.

"ಮಗೂಗೆ ಉಸಿರಾಡೋಕಾಗ್ತಿಲ್ಲ, ನೀನು ಹಕ್ಕಿ ಅಂತೀಯಲ್ಲಪ್ಪ!" ಎಂದು ರೇಗಿ, ಬಿಟ್ಟೇಬಿಟ್ಟೆ. ಅವನು ಖಾಲಿ ಬಕೆಟ್ ತೊಳೆದುಕೊಟ್ಟ.

ಈ ಸಲ ನೀರುಕೋಳಿ ಎಂಟು ಮರಿ ಮಾಡಿತ್ತು. ಒಂದೊಂದೇ ಮಾಯವಾಗಿ ಮೂರು ಉಳಿದಾಗ ಮರೆಪ್ಪ ಮೊಳೆಯಿಂದ ಬಲೆ ಇಳಿಸಿದ. ಬೆಳಿಗ್ಗೆ ಆರಕ್ಕೆ, ಎಲ್ಲರ ಕಣ್ಣೆದುರೇ, ಮೊಳದುದ್ದದ ಕ್ಯಾಟ್‌ಫಿಶ್ ಒಂದನ್ನು ಎಳೆದು ಹೊಟ್ಟೆ ಸೀಳಿದ. ಒಳಗೆ ಮರಿಯ ಕಾಲಿತ್ತು. ವಾಕಿಂಗಿಗೆ ಬಂದ ಯಾರೋ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರು. ಅದರಲ್ಲಿ ಬಲೆ, ಚಾಕು, ಮರೆಪ್ಪನ ಮುಖ ಎಲ್ಲ ಚೆನ್ನಾಗಿ ಬಂದಿದ್ದವು. ಆ ಕಾಲು ಕಾಣುತ್ತಿರಲಿಲ್ಲ.

ಅಂದೇ ಸಂಜೆ ಸಮಿತಿ ಸೇರಿ ಮರೆಪ್ಪನನ್ನು ಕರೆಸಿತು. ಅದು ಹೊರಗಿನಿಂದ ತಂದು ಬಿಟ್ಟ ಮೀನು, ಹಕ್ಕಿ ಮರಿ ತಿನ್ನುತ್ತಿತ್ತು ಎಂದ ಅವನು.

"ಒಂದು ಜೀವಾನೂ ಕೊಲ್ಲಬಾರದು ಅಂತ ನಾವೇ ಬೋರ್ಡ್ ಹಾಕಿದೀವಿ," ಎಂದರು ಅಧ್ಯಕ್ಷ ವಿಜಯಕುಮಾರ್. "ಅದು ನಮ್ಮ ಕೆರೆ ಮೀನೇ ಅಲ್ಲ ಅಂತೀಯ. ಹಾಗಾದ್ರೆ ತಂದು ಬಿಟ್ಟೋರು ಯಾರಪ್ಪ?"

ಮರೆಪ್ಪ ನನ್ನ ಕಡೆ ನೋಡಲೂ ಇಲ್ಲ. "ಯಾರ್ಯಾರೋ ಬಿಡ್ತಾರ್ರೀ. ಹೆಸರು ಹೆಂಗ ಹೇಳ್ಲಿ?"

"ಇವನನ್ನ ಇಟ್ಕೊಳೋದು ಕಷ್ಟ. ಚೂಡಾಮಣಿಯವರೇ, ನೀವೇನಂತೀರಿ?"

ಮೀನು ಬಿಟ್ಟವಳು ನಾನೇ ಎಂದರೆ ಮುಗಿಯುತ್ತಿತ್ತು. "ನೀವು ಹೇಳಿದ ಹಾಗೇ ಆಗ್ಲಿ ಸಾರ್," ಎಂದೆ. ಆ ಮಾತು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಮರುದಿನ ಬೆಳಿಗ್ಗೆ ಸೀಟಿ, ಶೆಡ್ಡಿನ ಬೀಗದ ಕೈ ಒಪ್ಪಿಸಲು ಮರೆಪ್ಪ ನಮ್ಮ ಮನೆಗೇ ಬಂದ. ಹೆಗಲ ಮೇಲೆ ಬಲೆ. ಅವನು ಎರಡು ಮಾತು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ತಪ್ಪಾಯ್ತು ಮರೆಪ್ಪ."

"ಇರ್ಲಿ ಬಿಡ್ರಿ ಅಮ್ಮಾರ. ನನಗೂ ಸಾಕಾಗಿತ್ತು. ಮೂರು ಮರಿ ಉಳದಾವು, ಒಂದೀಟು ನೋಡ್ಕೋರಿ."

ಗೇಟಿನವರೆಗೆ ಹೋದವನು ತಿರುಗಿ ನಿಂತ.

"ಕೂಸಿನ ಉಬ್ಬಸ ಕಡಿಮಿ ಆತೇನ್ರಿ?"

ಒಳಗೆ ಪ್ರಕೃತಿಗೆ ಉಬ್ಬಸದ ಔಷಧಿ ಊದುವ ನೆಬ್ಯುಲೈಜರ್ ಗುಂಯ್‌ಗುಡುತ್ತಿದ್ದದ್ದು ಅವನಿಗೂ ಕೇಳಿಸುತ್ತಿತ್ತು.