ವಿಭೂತಿ ಒರೆಸಿ ಬರೆದ ಅಕ್ಷರ

ನೆನೆದರೆ ನೇರಳೆ ಬಣ್ಣ ಬಿಡುವ ಹಳೆಯ ಪೆನ್ಸಿಲೊಂದು ಮೊನ್ನೆ ಮೇಜಿನ ಖಾನೆಯಲ್ಲಿ ಸಿಕ್ಕಿತು. ಅಭ್ಯಾಸಬಲದಿಂದ ನಾಲಿಗೆಗೆ ತಾಗಿಸಿದೆ. ಆ ಕಹಿಯ ಹಿಂದೆಯೇ ನಮ್ಮೂರಿನ ಮಿಲಿಟರಿ ಕಾಂಪೌಂಡರು ನೆನಪಾದರು...

ಹೊಸ ಅಗ್ರಹಾರದ ಕಡೆಯ ನಮ್ಮೂರಿಗೆ ಅವರು ಯುದ್ಧ ಮುಗಿಸಿಕೊಂಡು ಬಂದವರು. ಬರ್ಮಾದಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುತ್ತಿದ್ದೆ ಎನ್ನುತ್ತಿದ್ದರು. ಊರಿನವರು ಅದನ್ನು ಪೂರ್ತಿಯಾಗಿ ನಂಬಿರಲಿಲ್ಲ. ಜ್ವರಕ್ಕೆ, ಹುಣ್ಣಿಗೆ ಅವರ ಬಳಿಯೇ ಹೋಗುತ್ತಿದ್ದರು. ವಾಸಿಯಾದ ಮೇಲೆ ಅವರಿಗೆ ಸರ್ಟಿಫಿಕೇಟ್ ಇದೆಯೇ ಎಂದು ಮಾತಾಡಿಕೊಳ್ಳುತ್ತಿದ್ದರು. ಅಂಗಡಿ ಜಗಲಿಯಲ್ಲಿ ಒಬ್ಬರು ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ಮಿಲಿಟ್ರೀಲಿ ಯಾಕ್ ಸತ್ತ ಅಂತ ಕೇಳೋರಿಲ್ಲ ಕಣ್ಲಾ. ಅಲ್ಲಿ ಕೈ ಪಳಗುಸ್ಕಂಡು ಇಲ್ಲಿಗೆ ಬಂದವ್ನೆ.”

ನಾನು ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದೆ. ರಜೆಗೆ ಬಂದಿದ್ದಾಗ ಕಾಲುವೆ ಏರಿಯ ಮೇಲೆ ಕಬ್ಬಿನ ಗಾಡಿ ಮಗುಚಿ ಅಣ್ಣ ಅದರಡಿ ಸಿಕ್ಕಿದ. ತೊಡೆಯ ಮೂಳೆ ಮುರಿದಿತ್ತು. ಅವನ ಕೂಗಿಗೆ ಎತ್ತುಗಳೇ ಬೆದರುತ್ತಿದ್ದವು. ಕಾಂಪೌಂಡರು ಬಂದು ಬಿದಿರಿನ ದಬ್ಬೆ ಕಟ್ಟಿ ಸೂಜಿ ಚುಚ್ಚಿದರು. ಕೂಗು ಇಳಿಯಿತು. ಆಮೇಲೆ ಅವರು ಮಾಡಿದ್ದು ಯಾರಿಗೂ ಹಿಡಿಸಲಿಲ್ಲ. ಬೆಳಗಿನ ಪೂಜೆಯಲ್ಲಿ ಅಣ್ಣ ಹಚ್ಚಿಕೊಂಡಿದ್ದ ವಿಭೂತಿಯನ್ನು ಹೆಬ್ಬೆರಳಿನಿಂದ ಒರೆಸಿ, ಜೇಬಿನ ಪೆನ್ಸಿಲನ್ನು ಎಂಜಲು ಮಾಡಿ, ಅದೇ ಹಣೆಯ ಮೇಲೆ ಇಂಗ್ಲಿಷಿನ ಎಂ ಅಕ್ಷರ ಬರೆದರು.

“ಡಾಕ್ಟ್ರು ನೋಡೋಗಂಟ ಇದ ಒರೆಸ್ಬ್ಯಾಡಿ” ಎಂದರು. ನಿಜಕ್ಕೂ ಹಾಗೆಂದರೇ? ಆಮೇಲೆ ತಿಳಿದದ್ದನ್ನು ನಾನೇ ಅವರ ಬಾಯಿಗೆ ಹಾಕಿರಬಹುದು...

ಅಣ್ಣನನ್ನು ಪೇಟೆಯ ಆಸ್ಪತ್ರೆಗೆ ಒಯ್ಯಲು ಲಾರಿಯೊಂದು ಬಂತು. ಅವರೂ ಹತ್ತಲು ಬಂದರು, ಅಪ್ಪ ಬೇಡವೆಂದರು. ದಾರಿಯಲ್ಲಿ ಅವ್ವ ಸೆರಗು ನೆನೆಸಿ ಆ ಎಂಜಲು ಗುರುತನ್ನು ತಿಕ್ಕಿದಳು. ಉಳಿದ ಕಲೆಯ ಮೇಲೆ ವಿಭೂತಿಯನ್ನು ದಟ್ಟವಾಗಿ ಬಳಿದಳು. ಲಾರಿಯ ಕುಲುಕಾಟಕ್ಕೆ ಅಣ್ಣ ಮತ್ತೆ ನರಳತೊಡಗಿದ್ದ. ಪೇಟೆಯ ಆಸ್ಪತ್ರೆಯಲ್ಲಿ ನೋವಿಗೆಂದು ಸೂಜಿ ಹಾಕಿದರು. ಊರಿನಲ್ಲೇ ಒಂದು ಹಾಕಿಸಿದ್ದೇವೆ ಎಂದು ನಮ್ಮವರು ಯಾರೂ ಹೇಳಲಿಲ್ಲ, ಬೈಯುತ್ತಾರೆಂಬ ಭಯ. ಅಣ್ಣ ನಿದ್ದೆ ಹೋದ. ಉಸಿರು ತೆಳುವಾಗುತ್ತಾ ಹೋಯಿತು. ಏಳಲಿಲ್ಲ.

ಮಿಲಿಟರಿ ಸೂಜಿಯೇ ಕೊಂದಿತೆಂದು ಊರು ತೀರ್ಮಾನಿಸಿತು. ಅಣ್ಣನ ಹೆಸರಿನ ಶಿವಗಣಾರಾಧನೆ ಕಳೆದ ಮೇಲೆ ಕಾಂಪೌಂಡರು ನಮ್ಮ ಬಾಗಿಲಿಗೆ ಬಂದರು. ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ.

“ಅಣೆ ಮೇಲಿಂದು ಆಸ್ಪತ್ರೆಗಂಟ ಇತ್ತಾ ಅವ್ವಾರೆ?”

“ನಾನೇ ತೊಳ್ದು ಈಬೂತಿ ಅಚ್ದೆ” ಎಂದಳು ಅವ್ವ. “ನಿನ್ನ ಎಂಜ್ಲ ಒತ್ಕಂಡು ನನ್ ಮಗ ಸಿವನತ್ರ ಓಗ್ಬೇಕಿತ್ತೇನಪ್ಪ?”

ಅವರು ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡರು.

“ಒಳ್ಳೇದೇ ಮಾಡುದ್ರಿ ಬುಡಿ. ನನ್ ಸೂಜಿನೇ ಎಚ್ಚಾಯ್ತು ಅಂತ ಕಾಣ್ತದೆ.”

ಅಷ್ಟು ಹೇಳಿ ಹೋದರು. ಸ್ವಲ್ಪ ದಿನಕ್ಕೇ ಕೊಪ್ಪದ ಕಡೆ ಹೊರಟುಹೋದರೆಂದು ಕೇಳಿದೆವು.

ವರ್ಷಗಳ ಮೇಲೆ, ಸೇನೆಯಲ್ಲಿದ್ದ ವೈದ್ಯರೊಬ್ಬರು ಮಾತಿನ ನಡುವೆ ತಿಳಿಸಿದರು: ರಣರಂಗದಲ್ಲಿ ನೋವಿಗೆ ಮಾರ್ಫಿಯಾ ಕೊಟ್ಟವನ ಹಣೆಯ ಮೇಲೆ ಎಂ ಬರೆಯುತ್ತಾರೆ, ಮುಂದೆ ನೋಡುವ ವೈದ್ಯ ಇನ್ನೊಮ್ಮೆ ಕೊಟ್ಟು ಕೊಲ್ಲದಿರಲಿ ಎಂದು. ಅಲ್ಲಿ ಎಲ್ಲರೂ ಮೊದಲು ಹಣೆ ನೋಡುತ್ತಾರಂತೆ. ನಮ್ಮಲ್ಲಿಯೂ ನೋಡುತ್ತೇವೆ, ವಿಭೂತಿಯೋ ನಾಮವೋ ಎಂದು.

ಕಾಂಪೌಂಡರ ಪ್ರಶ್ನೆ ನನಗೆ ಅರ್ಥವಾದದ್ದು ಆಗ. ಅವ್ವನಿಗೆ ಅವರು ಕೊಟ್ಟ ಉತ್ತರ ಇನ್ನೂ ಅರ್ಥವಾಗಿಲ್ಲ. ಹೆತ್ತವಳನ್ನು ಕೊರಗಿನಿಂದ ಉಳಿಸಲು ತಪ್ಪನ್ನು ತಮ್ಮ ಮೇಲೆ ಎಳೆದುಕೊಂಡರೇ? ಅಥವಾ ಆ ಔಷಧ ಎಲ್ಲಿಂದ ಬಂತೆಂದು ಪೊಲೀಸರು ಕೇಳುವ ಮೊದಲೇ ಮಾತು ಮುಗಿಸಿದರೇ? ಆಸ್ಪತ್ರೆಯವರು ಕೊಟ್ಟದ್ದು ಅದೇ ಔಷಧವೆಂದು ನನಗೇನು ಗೊತ್ತು? ಅವರು ಒಳ್ಳೆಯವರೆಂದು ಬರೆಯಹೊರಟರೆ ಕೈ ಅನುಮಾನಿಸುತ್ತದೆ. ಕೆಟ್ಟವರೆಂದು ಬರೆಯಲೂ ಆಗುವುದಿಲ್ಲ...

ಈಗ ಕೇಳೋಣವೆಂದರೆ ಯಾರೂ ಉಳಿದಿಲ್ಲ. ಅವ್ವನೂ ಹೋದಳು. ಕೊನೆಯವರೆಗೂ ಅವರನ್ನು ಶಪಿಸುತ್ತಿದ್ದಳು. ಆ ಅಕ್ಷರದ ಅರ್ಥವನ್ನು ನಾನು ಅವಳಿಗೆ ಹೇಳಲಿಲ್ಲ. ಶಪಿಸುವುದಕ್ಕೆ ಅವರೊಬ್ಬರು ಇದ್ದುದರಿಂದಲೇ ಅವಳು ಅಷ್ಟು ವರ್ಷ ಬದುಕಿದಳೇನೋ.