ಕಂಬಳಿಯಲ್ಲಿ ಹಾಯ್ದ ಬೆಳಕು

ಶಾಸನಗಳ ಕಾಲನಿರ್ಣಯವೇ ನನ್ನ ಉದ್ಯೋಗವಾಗಿತ್ತು. ತಿಥಿ, ವಾರ, ನಕ್ಷತ್ರ ಮೂರೂ ಒಂದಕ್ಕೊಂದು ಹೊಂದದಿದ್ದರೆ ಕಲ್ಲಿನ ಮಾತನ್ನೂ ನಾನು ನಂಬುತ್ತಿರಲಿಲ್ಲ. ನಿವೃತ್ತನಾಗಿ ನಮ್ಮೂರು ಮುಚ್ಚಂಡಿಗೆ ಮರಳಿದ ಮೇಲೆ ಫಿಲ್ಮ್ ಕ್ಯಾಮೆರಾ ಹಿಡಿದದ್ದೂ ಈ ಸ್ವಭಾವದಿಂದಲೇ. ನೆಗೆಟಿವ್ ಎಂದರೆ ಬೆಳಕು ತಾನೇ ಬಂದು ಹಾಕಿಹೋದ ರುಜು. ಆಮೇಲೆ ಯಾರೂ ಅದನ್ನು ತಿದ್ದಲಾರರು ಎಂಬುದು ನನ್ನ ನಂಬಿಕೆ.

ಈ ವಿದ್ಯೆಗೆ ನನಗೆ ಗುರುಗಳಿಲ್ಲ. ಮಿರಜದ ಹಳೆಯ ಬಜಾರಿನಲ್ಲಿ ಕೊಂಡ ಕ್ಯಾಮೆರಾ, ಅದರ ಜೊತೆ ಬಂದ ಹರಕು ಕೈಪಿಡಿ, ಮತ್ತು ಕೆಟ್ಟ ರೋಲುಗಳು, ಇಷ್ಟೇ ನನ್ನ ಪಾಠಶಾಲೆ. ಬೋರಿನ ಸವುಳು ನೀರಿನಲ್ಲಿ ತೊಳೆದ ಫಿಲ್ಮಿನ ಮೇಲೆ ಬಿಳಿ ಕಲೆಗಳು ಉಳಿಯುತ್ತವೆಂದು ತಿಳಿಯಲು ಒಂದು ಬೇಸಿಗೆ ಹಿಡಿಯಿತು. ಕಾದ ರಾಸಾಯನಿಕವನ್ನು ತಣಿಸಲು ಬಾಟಲಿಯನ್ನು ಮಣ್ಣಿನ ಹರವಿಯ ನೀರಿನಲ್ಲಿ ಇಳಿಬಿಡಬೇಕೆಂದು ತಿಳಿಯಲು ಇನ್ನೊಂದು. ಜತ್ತದ ಸ್ಟುಡಿಯೋ ಮಾಲೀಕರ ಸಲಹೆ ಕೇಳಿದಾಗ ಅವರು ನಕ್ಕರು.

“ಸರ, ಪಾಸ್‌ಪೋರ್ಟ್ ಫೋಟೋ ಸುದ್ಧಾ ಈಗ ಮೊಬೈಲಿನಾಗ ಆಗತಾವು. ನೀವು ಇನ್ನ ರೋಲ್ ತೊಳಿಯಾಕ ಹೊಂಟೀರಲ್ರಿ.”

ನಮ್ಮ ಹಿಂದಿನ ಓಣಿಯಲ್ಲಿ ಕಂಬಳಿ ನೇಯುವ ಹಿರಿಯರೊಬ್ಬರಿದ್ದಾರೆ. ಚಿಕ್ಕಂದಿನಿಂದ ನಾನು ಅವರನ್ನು ಕಾಕಾ ಎಂದೇ ಕರೆದವನು. ಕುರಿ ಸಾಕುವ ಮನೆತನ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವ ಮಗ್ಗ ಅವರದು. ಮೊಣಕಾಲು ಕೈಕೊಟ್ಟಿದ್ದರಿಂದ ಕುಣಿ ಮುಚ್ಚಿ ನೆಲಕ್ಕೆ ಫರಶಿ ಕಲ್ಲು ಹಾಕಿಸುವುದೆಂದು ಅವರೇ ತೀರ್ಮಾನಿಸಿದರು. ಸೋಮವಾರ ಕೆಲಸದವರು ಬರುವವರಿದ್ದರು. ಮಗ್ಗದ ಮೇಲೆ ಕೊನೆಯ ಕಂಬಳಿ ಇತ್ತು.

“ಮಗ್ಗದಾಗ ಕುಂತಿದ್ದು ಇವರದೊಂದೂ ಫೋಟೋ ಇಲ್ಲೋ ತಮ್ಮಾ. ಗ್ವಾಡಿಗಿ ಹಾಕಾಕ ಒಂದು ತಗದು ಕೊಡು,” ಎಂದರು ಕಾಕಾನ ಹೆಂಡತಿ, ನಮ್ಮ ಕಾಕು.

ಶನಿವಾರ ಬೆಳಿಗ್ಗೆ ಹೋದೆ. ಒಂದೇ ಕಿಟಕಿಯ ಕೋಣೆ. ಆ ಮಂದ ಬೆಳಕಿನಲ್ಲಿ ಲಾಳಿ ಹಾಯಿಸುವ ಕೈ ಅಲುಗಿ ಚಿತ್ರ ಮಸುಕಾಗುವಂತಿತ್ತು. ಹುರಿ ಬಿಗಿಯಲು ಕಾಕಾ ಕೈ ತಡೆಯುವ ಕ್ಷಣಕ್ಕಾಗಿ ಕಾದು, ಕ್ಯಾಮೆರಾ ಸ್ಟ್ಯಾಂಡಿನ ಹಿಂದೆ ಬಾಗಿ ನಿಂತು, ರೋಲನ್ನೆಲ್ಲ ಅವರೊಬ್ಬರಿಗೇ ಮುಡಿಪಿಟ್ಟೆ.

“ಭಾಳ ಹೊತ್ತಾತಲ್ಲೋ. ನಾ ನೇಯೂದು ಮುಗೀತು, ನಿಂದು ಇನ್ನೂ ಮುಗೀವಲ್ದು,” ಎಂದರು ಕಾಕಾ.

ತೊಳೆಯುವ ಮೊದಲು ಚೂರು ಬೆಳಕು ತಾಗಿದರೂ ಫಿಲ್ಮ್ ಕೆಡುವುದರಿಂದ, ಅದನ್ನು ತೊಳೆಯುವ ಡಬ್ಬಿಗೆ ತುಂಬುವ ಕೆಲಸವನ್ನು ನಾನು ಸದಾ ಕತ್ತಲಾದ ಮೇಲೆ ಮಾಡುತ್ತಿದ್ದೆ. ಆದರೆ ಈ ಸಲ ಚಿತ್ರ ಬಂದಿದೆಯೇ ಎಂದು ಕುಣಿ ಮುಚ್ಚುವ ಮೊದಲೇ ತಾಳೆ ನೋಡಬೇಕಿತ್ತು. ಬಾರದಿದ್ದರೆ ಇನ್ನೊಮ್ಮೆ ತೆಗೆಯಬಹುದೆಂಬ ಆಸೆ. ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಉಗ್ರಾಣವನ್ನು ಕತ್ತಲಾಗಿಸಲು ಬಾಗಿಲಿಗೆ ಏನು ಕಟ್ಟಲಿ ಎಂದು ಯೋಚಿಸುತ್ತಿದ್ದಾಗ ಕಾಕಾ ಹಿಂದಿನ ದಿನ ಮಗ್ಗದಿಂದ ಇಳಿಸಿದ ಹೊಸ ಕಂಬಳಿಯನ್ನೇ ಹೆಗಲ ಮೇಲೆ ಹಾಕಿಕೊಂಡು ಬಂದರು. ಹುಣಸೆ ಬೀಜದ ಅಂಟು ಕುಡಿಸಿದ ಕಂಬಳಿ, ಹಲಗೆಯಂತೆ ಬಿರುಸಾಗಿತ್ತು.

“ಇದರಾಗ ಮಳಿ ಹಾಯಂಗಿಲ್ಲ. ಬೆಳಕೇನ ಹಾಯತೈತಿ?”

ಈ ಸೀಮೆಯಲ್ಲಿ ಆ ಮಾತಿಗೆ ಯಾರೂ ಎದುರಾಡುವುದಿಲ್ಲ. ಕುರಿ ಕಾಯುವವರು ತಲೆಯ ಮೇಲೆ ಕಂಬಳಿಯ ಕೊಪ್ಪೆ ಹಾಕಿಕೊಂಡು ಮಳೆಗಾಲವನ್ನೆಲ್ಲ ಬಯಲಲ್ಲಿ ಕಳೆಯುತ್ತಾರೆ. ನಾನೂ ಒಪ್ಪಿ ಅದನ್ನೇ ಬಾಗಿಲಿಗೆ ಕಟ್ಟಿದೆ. ಒಳಗೆ ಕಪ್ಪು ಕತ್ತಲೆ ಕಂಡಿತು. ರೋಲಿನ ಮುಚ್ಚಳ ತೆಗೆದು, ಫಿಲ್ಮನ್ನು ಡಬ್ಬಿಯ ಚಕ್ರಕ್ಕೆ ಸುತ್ತತೊಡಗಿದೆ. ಬೆರಳ ಬೆವರಿಗೆ ಅದು ಅಂಟಿ, ತಡವಾಯಿತು. ಅಷ್ಟರಲ್ಲಿ ಕಣ್ಣು ಕತ್ತಲಿಗೆ ಪಳಗಿತು. ತಲೆಯೆತ್ತಿದರೆ, ಕರಿ ಕಂಬಳಿಯ ತುಂಬ ಬಿಳಿ ಎಳ್ಳು ಚೆಲ್ಲಿದಂತೆ ಬೆಳಕಿನ ಚುಕ್ಕೆಗಳು. ಫಿಲ್ಮು ಕೈಯಲ್ಲಿ ತೆರೆದೇ ಇತ್ತು.

ತೊಳೆದಾಗ ಈ ತುದಿಯಿಂದ ಆ ತುದಿಯವರೆಗೆ ಕಾಡಿಗೆ; ಒಂದೂ ಚಿತ್ರವಿಲ್ಲ.

ಅದನ್ನೇ ಹಿಡಿದು ಕಾಕಾನ ಮನೆಗೆ ಧಾವಿಸಿದೆ. ಕುಣಿ ಇತ್ತು; ಮಗ್ಗವಿರಲಿಲ್ಲ. ಕಟ್ಟಿಗೆಗಳನ್ನು ಬಿಚ್ಚಿ ಅಂಗಳದಲ್ಲಿ ಒಟ್ಟಿದ್ದರು. ಹೊಸದಾಗಿ ಹಾಸಿನ ಎಳೆ ಹೂಡಲು ನೂಲೂ ಇಲ್ಲ, ದಿನವೂ ಇಲ್ಲ. ಕಾಕಾ ಫಿಲ್ಮನ್ನು ಬಿಸಿಲಿಗೆ ಹಿಡಿದು ನೋಡಿದರು.

“ನನ್ನ ಬಣ್ಣಕ್ಕ ಬರೋಬರಿ ಬಂದೈತಲ್ಲೋ,” ಎಂದರು. ನಾನು ನಗಲಿಲ್ಲ. ಅದನ್ನು ಕಂಡು ತಾವೇ ಕುಣಿಯೊಳಗೆ ಇಳಿದು ಕುಳಿತರು. “ಬಾ, ಬರೇ ಕೈ ಆಡಸ್ತೀನಿ. ಫೋಟೋಕ್ಕೇನ ಗೊತ್ತಾಗತೈತಿ?”

“ಬ್ಯಾಡ್ರಿ ಕಾಕಾ. ಇವತ್ತ ನೀವು ನೇಯ್ದಿಲ್ಲ.”

“ನಿನ್ನಿ ನೇಯ್ದೀನಲ್ಲ? ನಿನ್ನಿ ತಾರೀಖ ಹಾಕು.”

ಜೀವಮಾನವೆಲ್ಲ ಅಂಥ ಸುಳ್ಳು ತಾರೀಖುಗಳನ್ನು ಹಿಡಿದು ಹೊರಹಾಕಿದವನು ನಾನು; ಹೇಗೆ ಒಪ್ಪಲಿ? ಮನೆಗೆ ಬಂದೆ; ಕ್ಯಾಮೆರಾ ಹಿಡಿದು ಮರಳಿ ಹೋಗಲಿಲ್ಲ. ಸೋಮವಾರ ಕುಣಿಗೆ ಮಣ್ಣು ತುಂಬಿತು. ಸರಿಯಾದುದನ್ನೇ ಮಾಡಿದೆನೆಂದು ಇಂದಿಗೂ ಅನ್ನಿಸುತ್ತದೆ, ಇಂದಿಗೂ ಅದರಿಂದ ಸಮಾಧಾನವಿಲ್ಲ.

ಆ ವಾರದ ಕೊನೆಗೆ ಕಾಕಾನ ಸೊಸೆ ಮೊಬೈಲು ಹಿಡಿದು ಬಂದಳು. ಶನಿವಾರ, ನಾನು ಚಿತ್ರ ತೆಗೆಯುತ್ತಿದ್ದುದನ್ನು ಕಂಡು, ಬಾಗಿಲಲ್ಲಿ ನಿಂತು ಅವಳೂ ಒಂದು ತೆಗೆದಿದ್ದಳು. ದಿನಾಂಕ ನೋಡಿದೆ: ಸರಿ. ವೇಳೆಯನ್ನು ನನ್ನ ಟಿಪ್ಪಣಿಯೊಂದಿಗೆ ತಾಳೆ ನೋಡಿದೆ: ಅದೂ ಸರಿ. ನಡುವೆ ನನ್ನ ಬೆನ್ನು. ಬಾಗಿದ ಆ ಅಗಲವಾದ ಬೆನ್ನಿನ ಹಿಂದೆ ಕಾಕಾ ಮರೆಯಾಗಿದ್ದರು. ನನ್ನ ಮೊಣಕೈಯ ಪಕ್ಕದಲ್ಲಿ ಲಾಳಿ ಹಿಡಿದ ಅವರ ಬಲಗೈ ಮಾತ್ರ ಕಾಣುತ್ತಿತ್ತು.

“ಇದನ್ನ ದೊಡ್ಡದು ಮಾಡಿಸಿ ಕೊಡಬೇಕಂತ ಅತ್ತಿ ಹೇಳ್ಯಾರ್ರಿ,” ಎಂದಳು.

ಜತ್ತಕ್ಕೆ ಹೋದೆ. ಸ್ಟುಡಿಯೋ ಮಾಲೀಕರು ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿದರು.

“ಈ ಬೆನ್ನ ಯಾರದ್ರಿ ಸರ? ಅಡ್ಡ ಬಂದೈತಿ. ತಗದ ಬಿಡಲೇನು?”

“ತಗದು ಅಲ್ಲಿ ಏನ ಹಾಕ್ತೀರಿ?”

“ಏನಾರ ಹಾಕೂಣ್ರಿ. ಗ್ವಾಡಿ ಹಾಕೂಣು.”

“ಬ್ಯಾಡ್ರಿ,” ಎಂದೆ, “ಬೆನ್ನ ಇರಲಿ.”