ಹಸಿರು ಕುರ್ತಾ ಮತ್ತು ಹೊನ್ನಜ್ಜಿಯ ಕವಂದಿ

ನಾನು ಸೌಮ್ಯ, ಹೆಸರಿಗಷ್ಟೇ. ಮಾನವಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತೇನೆ, ಅಂದರೆ ಜನರ ಮನೆ ಹೊಕ್ಕು ಅಧಿಕಪ್ರಸಂಗದ ಪ್ರಶ್ನೆ ಕೇಳುತ್ತೇನೆ. ಹೋದ ವರ್ಷ ಇಡಗುಂದಿಯ ಆಚೆ, ಕಾಡೊಳಗಿನ ಒಂದು ಸಿದ್ದಿ ಕೇರಿಯಲ್ಲಿ ಹೊನ್ನಜ್ಜಿಯ ಮನೆ ಸೇರಿಕೊಂಡೆ. ದೂರ ನಿಂತು ನೋಡು, ಅವರೊಳಗೆ ಬೆರೆತುಬಿಡಬೇಡ ಎಂದು ನನ್ನ ಮಾರ್ಗದರ್ಶಕರು ಕಳಿಸುವಾಗಲೇ ಹೇಳಿದ್ದರು. ಅವರಿಗೇನು, ಫ್ಯಾನಿನ ಕೆಳಗೆ ಕೂತು ಹೇಳಿದರು.

ಹೊನ್ನಜ್ಜಿಗೆ ಅರವತ್ತೈದರ ಆಸುಪಾಸು. ಹದಿನೇಳಕ್ಕೆ ಮದುವೆ, ಮೂವತ್ತಕ್ಕೆ ಗಂಡ ತೀರಿಕೊಂಡ. ಕಂಡವರ ತೋಟಕ್ಕೆ ಮಣ್ಣು ಹೊತ್ತು, ಸೊಪ್ಪು ಹೊತ್ತು ಮೂರು ಮಕ್ಕಳನ್ನು ದಡ ಹತ್ತಿಸಿದವಳು. ಇದನ್ನೆಲ್ಲ ಹೇಳುವಾಗಲೂ ನಡುನಡುವೆ ಬಿದ್ದು ಬಿದ್ದು ನಗುತ್ತಿದ್ದಳು. ನಾನೊಂದು ಪ್ರಶ್ನೆ ಕೇಳಿದರೆ ತಾನೂ ಒಂದು ಕೇಳಬೇಕೆಂಬುದು ಅವಳ ಕರಾರು. ಹೀಗಾಗಿ ನನ್ನ ಮುರಿದುಬಿದ್ದ ನಿಶ್ಚಿತಾರ್ಥದಿಂದ ಹಿಡಿದು ನನ್ನಮ್ಮನ ಮಂಡಿನೋವಿನವರೆಗೆ ಎಲ್ಲವೂ ಕೇರಿಗೆ ಬಾಯಿಪಾಠವಾಗಿತ್ತು.

ನಾನು ಬಂದ ಹನ್ನೊಂದನೆಯ ತಿಂಗಳಲ್ಲಿ ಅವಳ ಮೊಮ್ಮಗಳು ರಕ್ಷಿತಾ ಹೆಣ್ಣುಮಗು ಹೆತ್ತಳು. ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆಂದು ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ಕವಂದಿ ಹೊಲಿಯಲು ಕೂತಳು. ಕವಂದಿ ಎಂದರೆ ಹಳೇ ಬಟ್ಟೆಯ ತುಂಡು ಜೋಡಿಸಿದ ಕೌದಿ. ಆ ಮನೆಯ ಸೂರಿನಡಿ ಇರುವ ಪ್ರತಿ ಹೆಂಗಸಿನ ಬಟ್ಟೆಯ ಒಂದೊಂದು ತುಂಡು ಅದರಲ್ಲಿ ಸೇರಬೇಕು. ರಕ್ಷಿತಾಳ ಲಂಗ ಬಂತು, ಸೊಸೆ ಲಕ್ಷ್ಮೀಯ ಸೀರೆ ಬಂತು. ನನ್ನನ್ನು ಯಾರೂ ಕೇಳಲಿಲ್ಲ. ಆಹಾ, ಆ ಹೊಟ್ಟೆಕಿಚ್ಚು! ಹನ್ನೊಂದು ತಿಂಗಳು ಇವರ ಗಂಜಿ ಉಂಡಿದ್ದೇನೆ, ನನ್ನದೊಂದು ಗೇಣು ಬಟ್ಟೆ ಬೇಡವೇ? ಕೊಟ್ಟರೆ ಒಳ್ಳೆಯದನ್ನೇ ಕೊಡಬೇಕೆಂದು ಪೆಟ್ಟಿಗೆಯಿಂದ ಹಸಿರು ರೇಷ್ಮೆಯ ಹೊಸ ಕುರ್ತಾ ತಂದು ಅವಳ ಮಡಿಲಿಗೆ ಹಾಕಿದೆ.

ಅಜ್ಜಿ ಮೂಸಿ ನೋಡಿ, ಅಂಗಡಿಯ ವಾಸನೆ ಬರುತ್ತದೆ, ಹೊಸತು ನಡೆಯುವುದಿಲ್ಲ ಎಂದು ವಾಪಸು ಕೊಟ್ಟಳು.

ಹಳತಾಗಬೇಕಷ್ಟೇ ತಾನೇ? ಹಟಕ್ಕೆ ಬಿದ್ದೆ. ಶಾಸ್ತ್ರಕ್ಕೆ ಇನ್ನೂ ಎಂಟು ದಿನವಿತ್ತು. ಹಳ್ಳಕ್ಕೊಯ್ದು ಕುರ್ತಾವನ್ನು ಬಂಡೆಗೆ ಬಡಿದೆ, ಒಣಗಿಸಿ ಮತ್ತೆ ಬಡಿದೆ. ಸಗಣಿ ಬುಟ್ಟಿ ಹೊರಲು ಅದನ್ನೇ ಸಿಂಬೆ ಸುತ್ತಿಕೊಂಡೆ. ನೆರೆಮನೆ ಕೆರಿಯಪ್ಪನ ಎಮ್ಮೆಯ ಮೈಯನ್ನೂ ಅದರಿಂದಲೇ ಉಜ್ಜಿದೆ. ಎಮ್ಮೆಗೆ ಎಷ್ಟು ಖುಷಿಯಾಯಿತೆಂದರೆ ಒಮ್ಮೆ ತಿರುಗಿ ನನ್ನನ್ನು ನೀರಿಗೆ ನೂಕಿತು. ದಡದಲ್ಲಿ ಕೇರಿಗೆ ಕೇರಿಯೇ ನಿಂತು ನಗುತ್ತಿತ್ತು. ನನಗೂ ತಡೆಯಲಾಗಲಿಲ್ಲ. ಸೊಂಟಮಟ್ಟ ನೀರಲ್ಲಿ ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಪ್ರಬಂಧದ ಯಾವ ಅಧ್ಯಾಯಕ್ಕೆ ಇದನ್ನು ಸೇರಿಸುವುದೋ ದೇವರೇ ಬಲ್ಲ.

ಏಳನೆಯ ದಿನ ಕುರ್ತಾದ ಬಣ್ಣ ಹೋಗಿ ತೋಳು ಹರಿದಿತ್ತು. ಗೆದ್ದೆನೆಂದು ಅಜ್ಜಿಯ ಮುಂದೆ ಹಿಡಿದೆ. ಕವಂದಿಯ ಒಂದು ಮೂಲೆ ಇನ್ನೂ ಖಾಲಿಯಿತ್ತು. ಅಜ್ಜಿ ಸೂಜಿ ಕೆಳಗಿಟ್ಟಳು.

"ಇದು ಹರಿದದ್ದು ಹೌದು ತಂಗಿ, ಹಳತಾದದ್ದಲ್ಲ. ಇದ್ನ ಹಾಕ್ಕಂಡು ನೀ ಉಂಡಿದ್ದಿಲ್ಲ, ಅತ್ತಿದ್ದಿಲ್ಲ, ಜ್ವರ ಬಂದು ಮಲಗಿದ್ದಿಲ್ಲ. ಮಗೀಗೆ ಬೆಚ್ಚಗಾಗೂದು ಎಂತದ್ರಿಂದ?"

ಹಾಗಿದ್ದರೆ ಮೊದಲೇ ಯಾಕೆ ಹೇಳಲಿಲ್ಲ, ನನ್ನಿಂದ ಏನು ಬೇಕಿತ್ತು ನಿಮಗೆ ಎಂದು ರೇಗಿದೆ.

"ಇದು ಕೇಳಿ ತಗಳೂದಲ್ಲ, ಅವರವರೇ ಕೊಡೂದು" ಎಂದ ಅಜ್ಜಿ, ಕಣ್ಣಿನಲ್ಲೇ ನನ್ನ ಮೈಮೇಲಿನ ನೈಟಿಯನ್ನು ತೋರಿಸಿದಳು.

ಅಯ್ಯೋ ನನ್ನ ಕರ್ಮವೇ! ಇಲ್ಲಿಗೆ ಬಂದ ಮೊದಲ ವಾರ ಯಲ್ಲಾಪುರದ ಸಂತೆಯಲ್ಲಿ ಕೊಂಡ ನೈಟಿ ಅದು. ಮಳೆಗಾಲದ ಜ್ವರವನ್ನೂ ನಿಶ್ಚಿತಾರ್ಥದ ಕಥೆ ಹೇಳಿ ಅತ್ತ ಅಳುವನ್ನೂ ಅದರಲ್ಲೇ ಕಳೆದಿದ್ದೆ. ಉಟ್ಟು ಬಿಟ್ಟದ್ದನ್ನು ಇನ್ನೊಬ್ಬರಿಗೆ ಕೊಡುವುದು ಅವಮಾನವೆಂದು ಕಲಿತ ತಲೆಗೆ ಅದು ಹೊಳೆದೇ ಇರಲಿಲ್ಲ. ಕುರ್ತಾ ಸಮೇತ ಒಳಗೆ ಓಡಿ, ನೈಟಿ ಬಿಚ್ಚಿ, ಬಾಗಿಲ ಸಂದಿಯಿಂದ ಕೈ ಚಾಚಿ ಕೊಟ್ಟೆ. ಅದು ಅವಳ ಕೈಯಲ್ಲಿ ಪರ್ರನೆ ಹರಿದ ಸದ್ದಿಗೆ ಕತ್ತಲ ಕೋಣೆಯಲ್ಲಿ ಒಬ್ಬಳೇ ಕುಣಿದೆ, ಎಮ್ಮೆ ವಾಸನೆಯ ಹರಕು ರೇಷ್ಮೆ ತೊಟ್ಟು.

ಮರುದಿನ ಮಗುವನ್ನು ಕವಂದಿಯ ಮೇಲೆ ಮಲಗಿಸಿದರು. ಮಲಗಿದ ಗಳಿಗೆಯಲ್ಲೇ ಅದು ಸರಿಯಾಗಿ ನನ್ನ ಮೂಲೆಯನ್ನು ಒದ್ದೆ ಮಾಡಿತು. ಲಕ್ಷ್ಮೀ ತೊಳೆಯಲು ಕೈ ಹಾಕಿದಳು. ಹಾಗೇ ಒಣಗಲಿ ಎಂದು ನಾನು ಬಿಡಲಿಲ್ಲ.